ಒಡೆಯನಿಲ್ಲದ ಮನೆಯ ಕಸ ಗುಡಿಸುವವರಾರು?
(ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಬಂದವರೂ, ಅಂಗಡಿಯ ಬಾಗಿಲೆಳೆದು ಬಂದವರೂ ಇಲ್ಲಿ ಕುಳಿತಿದ್ದೀರಿ. ನಿಮ್ಮೆಲ್ಲರ ಜೇಬಿನಲ್ಲಿಯೂ ಮೊಬೈಲು ಇದೆ. ಗಿರಾಕಿಗೆ ದರ ತಿಳಿಸುವುದು ಅದರಲ್ಲಿ. ಯೂನಿಯನ್ ಸಭೆಗೆ ಕರೆಯುವುದೂ ಅದರಲ್ಲಿ. ಆದರೆ ನಿಮ್ಮ ಮಾತು ಹರಿದಾಡುವ ಆ ಜಾಲ ಯಾರದು? ನಾಳೆ ಅದರ ಒಡೆಯ ನಿಮ್ಮ ಖಾತೆಯನ್ನು ಮುಚ್ಚಿದರೆ ಯಾರ ಮುಂದೆ ಅಪೀಲು ಹೋಗುತ್ತೀರಿ?

ಇದು ಬರಿಯ ಊಹೆಯಲ್ಲ. 2019ರಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲರಾದ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಕಂಪನಿ ಅಮಾನತುಗೊಳಿಸಿತು. ಹಿಟ್ಲರನ ಜರ್ಮನಿಯಲ್ಲಿ ಸುತ್ತಲಿನವರೆಲ್ಲ ನಾಜಿ ವಂದನೆಗೆ ಕೈಯೆತ್ತಿದಾಗ, ಒಬ್ಬನೇ ಕೈಕಟ್ಟಿ ನಿಂತ ಹಡಗುಕಟ್ಟೆಯ ಕಾರ್ಮಿಕನ ಚಿತ್ರವನ್ನು ಅವರು ಹಾಕಿಕೊಂಡಿದ್ದೇ ಅದಕ್ಕೆ ಒಂದು ಕಾರಣವಾಯಿತು! ಇದರಿಂದ ಸಿಟ್ಟಾದ ನಮ್ಮ ದೇಶದ ಅನೇಕರು ಆ ನವೆಂಬರಿನಲ್ಲಿ ಮಾಸ್ಟಡಾನ್ ಎಂಬ ಬೇರೊಂದು ಜಾಲಕ್ಕೆ ಹೋದರು. 2016ರಲ್ಲಿ ಅದರ ತಂತ್ರಾಂಶವನ್ನು ಹೊರತಂದವರು ಜರ್ಮನಿಯ ಯೂಜೆನ್ ರೋಚ್ಕೊ. 2022ರ ಅಕ್ಟೋಬರಿನಲ್ಲಿ ಈಲಾನ್ ಮಸ್ಕ್ 4,400 ಕೋಟಿ ಡಾಲರಿಗೆ ಟ್ವಿಟರನ್ನು ಕೊಂಡಾಗಲಂತೂ ಲಕ್ಷಾಂತರ ಜನ ಅತ್ತ ಗುಳೆ ಹೊರಟರು.

ಈ ಹೊಸ ಜಾಲಕ್ಕೆ ಒಬ್ಬ ಒಡೆಯನಿಲ್ಲ. ಸಾವಿರಾರು ಸರ್ವರುಗಳಿವೆ, ಒಂದೊಂದನ್ನೂ ಒಬ್ಬ ವ್ಯಕ್ತಿಯೋ ಒಂದು ಗುಂಪೋ ನಡೆಸುತ್ತದೆ. ಒಂದೊಂದು ಸರ್ವರನ್ನೂ ಒಂದೊಂದು ಊರಿನ ಅಂಚೆ ಕಚೇರಿ ಎಂದು ತಿಳಿಯಿರಿ. ನೀವು ಬರೆದದ್ದನ್ನು ನಿಮ್ಮ ಊರಿನ ಕಚೇರಿ, ನಿಮ್ಮನ್ನು ಅನುಸರಿಸುವವರು ಇರುವ ಎಲ್ಲ ಊರುಗಳಿಗೂ ಕಳಿಸುತ್ತದೆ. ಎಲ್ಲ ಕಚೇರಿಗಳೂ ಒಂದೇ ಪದ್ಧತಿಯನ್ನು ಒಪ್ಪಿರುವುದರಿಂದ ಕಾಗದ ಸಾಗುತ್ತದೆ. ಯಾವ ಧನಿಕನೂ ಎಲ್ಲವನ್ನೂ ಒಮ್ಮೆಗೇ ಕೊಳ್ಳಲಾರ.

ಕೇಳಲು ಇದು ಬಹಳ ಸೊಗಸು. ಆದರೆ ಒಡೆಯ ಹೋದ ಮಾತ್ರಕ್ಕೆ ಕೆಲಸ ಹೋಗುತ್ತದೆಯೇ? ಇಲ್ಲ ಬಂಧುಗಳೇ. ಈ ಸಂಜೆ ನಾನು ಹೇಳಬೇಕಾಗಿರುವುದು ಆ ಕೆಲಸದ ಸಂಗತಿಯನ್ನೇ.

ಅಮೆರಿಕದಲ್ಲಿ ಹ್ಯಾಕಿಡರ್ಮ್ ಎಂಬ ಒಂದು ಸರ್ವರ್. ಕ್ರಿಸ್ ನೋವಾ ಎಂಬ ಇಂಜಿನಿಯರು ತಮ್ಮ ಮನೆಯ ನೆಲಮಾಳಿಗೆಯಲ್ಲಿ ಯಂತ್ರಗಳನ್ನಿಟ್ಟು ಅದನ್ನು ಆರಂಭಿಸಿದರು. ಸಾವಿರವನ್ನೂ ಮುಟ್ಟದಿದ್ದ ಸದಸ್ಯರ ಸಂಖ್ಯೆ 2022ರ ನವೆಂಬರ್ ಒಂದೇ ತಿಂಗಳಲ್ಲಿ 30,000ಕ್ಕೆ ಏರಿತು. ರವಾನೆಗೆ ಕಾದ ಸಂದೇಶಗಳ ಸಾಲು ಬೆಳೆಯಿತು, ಚಿತ್ರಗಳು ತೆರೆಯದಾದವು, ಸರ್ವರು ಮತ್ತೆ ಮತ್ತೆ ಮುಗ್ಗರಿಸಿತು. ಕಾರಣ ಹುಡುಕಿದರೆ, ಮುಖ್ಯ ಯಂತ್ರವೊಂದರ ಡಿಸ್ಕುಗಳೇ ಕೆಡುತ್ತಿದ್ದವು. ನೂಲು ಬರದಿದ್ದರೆ ಮಗ್ಗಗಳೆಲ್ಲ ನಿಲ್ಲುವ ಹಾಗೆ, ಆ ಒಂದು ಯಂತ್ರಕ್ಕಾಗಿ ಉಳಿದವೆಲ್ಲ ಕಾಯುತ್ತಿದ್ದವು. ಕೊನೆಗೆ ಸ್ವಯಂಸೇವಕರ ತಂಡವೊಂದು ಎಲ್ಲವನ್ನೂ ಜರ್ಮನಿಯ ಬಾಡಿಗೆ ಯಂತ್ರಗಳಿಗೆ ಸಾಗಿಸಿತು. ಜನರೆಲ್ಲ ಪುಕ್ಕಟೆಯಾಗಿ ಮಾತಾಡಿಕೊಳ್ಳುತ್ತಿದ್ದಾಗ ನಿದ್ದೆಗೆಟ್ಟವರು ಇವರು.

ಯಂತ್ರದ ಕಷ್ಟವಾದರೂ ಒಂದು ದಿನ ಮುಗಿಯುತ್ತದೆ. ಮನುಷ್ಯರ ಕಷ್ಟಕ್ಕೆ ಕೊನೆಯಿಲ್ಲ. ಒಬ್ಬ ಬೈದ, ಇನ್ನೊಬ್ಬ ದೂರು ಕೊಟ್ಟ. ತೀರ್ಪು ಹೇಳುವವರು ಯಾರು? ಸರ್ವರಿನ ಮೇಲ್ವಿಚಾರಕರು. ಅವರ ಅಧಿಕಾರ ಅವರ ಸರಹದ್ದಿನೊಳಗೆ ಮಾತ್ರ. ತಮ್ಮ ಸದಸ್ಯನಾದರೆ ಹೊರಹಾಕಬಹುದು. ಬೇರೆ ಸರ್ವರಿನವನಾದರೆ ಅವನ ಮಾತು ತಮ್ಮಲ್ಲಿಗೆ ಬಾರದಂತೆ ತಡೆಯಬಹುದು, ಅಷ್ಟೆ. ಆ ಸರ್ವರೇ ದುಷ್ಟರ ಬೀಡಾದರೆ ಅದರೊಡನೆ ವ್ಯವಹಾರವನ್ನೇ ಕಡಿದುಕೊಳ್ಳಬೇಕು. 2019ರಲ್ಲಿ ಗ್ಯಾಬ್ ಎಂಬ ಬಲಪಂಥೀಯ ಜಾಲ ಇದೇ ತಂತ್ರಾಂಶವನ್ನು ಬಳಸಿ ಒಳನುಗ್ಗಿದಾಗ ಅನೇಕ ಸರ್ವರುಗಳು ಹೀಗೆಯೇ ಬಾಗಿಲು ಹಾಕಿದವು. ಅದು ಸರಿ. ಆದರೆ ಈ ಕೊಡಲಿ ಬಿದ್ದಾಗ ಆ ಸರ್ವರಿನಲ್ಲಿರುವ ನಿರಪರಾಧಿಗಳ ಸ್ನೇಹವೂ ಕಡಿದುಹೋಗುತ್ತದೆ. ಕನ್ನಡದಲ್ಲಿ ಬೈದ ಮಾತಿನ ಮೇಲೆ ದೂರು ಹೋದರೆ, ಕನ್ನಡವರಿಯದ ಜರ್ಮನಿಯ ಮೇಲ್ವಿಚಾರಕ ಯಾವ ನ್ಯಾಯ ಹೇಳಿಯಾನು?

ಕಾವಲಿಲ್ಲದ ಮನೆಯಿಂದ ಊರಿಗೇ ಕೇಡು. 2024ರ ಫೆಬ್ರವರಿಯಲ್ಲಿ, ಯಾರು ಬೇಕಾದರೂ ಖಾತೆ ತೆರೆಯಬಹುದಾಗಿದ್ದ, ನೋಡಿಕೊಳ್ಳುವವರಿಲ್ಲದ ಸಣ್ಣ ಸರ್ವರುಗಳನ್ನೇ ಹುಡುಕಿ, ಕಿಡಿಗೇಡಿಗಳು ಅಲ್ಲಿಂದ ಕಸದ ಸಂದೇಶಗಳನ್ನು ಎಲ್ಲೆಡೆ ಸುರಿದರು. ಹಿಂದಿನ ವರ್ಷ, ಎಂದರೆ 2023ರಲ್ಲಿ, ಸಾವಿರಾರು ಸದಸ್ಯರಿದ್ದ ಒಂದು ಸರ್ವರಿನ ನಿರ್ವಾಹಕರು ಜನರ ಜಗಳ, ನಿಂದೆಗಳಿಂದ ರೋಸಿ ಅದನ್ನು ಮುಚ್ಚುತ್ತೇನೆಂದು ಸಾರಿದರು. ಮುನ್ಸೂಚನೆಯಿದ್ದರೆ ಸದಸ್ಯರು ಅನುಸರಿಸುವವರನ್ನು ಕರೆದುಕೊಂಡು ಬೇರೆಡೆಗೆ ಹೋಗಬಹುದು. ಹಳೆಯ ಬರಹಗಳು ಜೊತೆಗೆ ಬರುವುದಿಲ್ಲ. ಸರ್ವರು ರಾತ್ರೋರಾತ್ರಿ ನಿಂತರೆ ಅದೂ ಇಲ್ಲ.

ಹಾಗಾದರೆ ಮತ್ತೆ ಕಂಪನಿಯ ಹಟ್ಟಿಗೇ ಹೋಗೋಣವೇ? ಕೂಡದು. ಕಂಪನಿಯೂ ಕಸ ಗುಡಿಸುವುದಿಲ್ಲ, ಕೂಲಿಯವರಿಂದ ಗುಡಿಸುತ್ತದೆ. ಅದರ ಖರ್ಚನ್ನು ಜಾಹೀರಾತಿನ ಮೂಲಕ ನಮ್ಮಿಂದಲೇ ವಸೂಲು ಮಾಡುತ್ತದೆ. ನಮ್ಮ ಜಾಲದ ದೋಷ ಒಡೆಯನಿಲ್ಲದಿರುವುದಲ್ಲ. ಎಲ್ಲರ ಸೊತ್ತಿನ ದುಡಿಮೆಯನ್ನು ಒಬ್ಬಿಬ್ಬರ ಬೆನ್ನ ಮೇಲೆ ಹೊರಿಸಿ, ಅವರನ್ನು ಸೇವಾಮನೋಭಾವದವರೆಂದು ಹೊಗಳಿ ಸುಮ್ಮನಾಗುವುದೇ ದೋಷ.

ಹ್ಯಾಕಿಡರ್ಮಿನವರು ಈ ಪಾಠ ಕಲಿತರು. ಸರ್ವರನ್ನು ಒಬ್ಬರ ಸೊತ್ತಾಗಿ ಉಳಿಸದೆ, ಸದಸ್ಯರ ಸಹಕಾರ ತತ್ವದ ಮೇಲೆ ನಿವೆನ್ಲಿ ಎಂಬ ಸಂಸ್ಥೆಯನ್ನು ಕಟ್ಟಿದರು. 2023ರ ಆಗಸ್ಟಿನಲ್ಲಿ ಕ್ರಿಸ್ ನೋವಾ ಪರ್ವತಾರೋಹಣದ ಅಪಘಾತದಲ್ಲಿ ತೀರಿಕೊಂಡರು. ಅದು ದೊಡ್ಡ ನಷ್ಟ. ಆದರೂ ಸರ್ವರು ನಿಲ್ಲಲಿಲ್ಲ. ಹೊರುವ ಹೆಗಲುಗಳು ಹಲವಿದ್ದವು.

ಆದುದರಿಂದ, ನಾಳೆ ನಮ್ಮ ಯೂನಿಯನ್ನೋ ವರ್ತಕರ ಸಂಘವೋ ಇಂಥ ಒಂದು ಸರ್ವರನ್ನು ತೆರೆಯೋಣವೆಂದರೆ, ಮೊದಲು ಯಂತ್ರದ ಬೆಲೆ ಕೇಳಬೇಡಿ. ತಿಂಗಳ ವಂತಿಗೆ ಎಷ್ಟು, ಲೆಕ್ಕ ಯಾರ ಮುಂದೆ ಒಪ್ಪಿಸುವುದು, ದೂರು ನೋಡುವ ಪಾಳಿ ಯಾರದು, ಅವರ ತೀರ್ಪಿನ ಮೇಲೆ ಅಪೀಲು ಎಲ್ಲಿ, ಬೀಗದ ಕೈ ಎಷ್ಟು ಜನರ ಬಳಿ ಇದೆ ಎಂದು ಕೇಳಿರಿ. ಈ ಐದಕ್ಕೆ ಉತ್ತರ ದೊರೆತ ಮೇಲೆ ಯಂತ್ರ ತರೋಣ. ಮೊದಲ ಪಾಳಿಗೆ ನನ್ನ ಹೆಸರನ್ನು ಬರೆದುಕೊಳ್ಳಿ.