ಅಪಾಯ ಕಂಡಾಗ ಕಾಯಿದೆ

ದುದ್ದದ ಕಡೆಯಿಂದ ಹಾಸನದ ಕಾರ್ಖಾನೆಗಳಿಗೆ ದುಡಿಯಲು ಹೋಗುವ ಶ್ರೋತೃಗಳನ್ನು ನೆನೆದು ಈ ಮಾತು ಹೇಳುತ್ತಿದ್ದೇನೆ. ಕೊಳವೆ ಸೋರುತ್ತಿರುವುದು ಮೊದಲು ತಿಳಿಯುವುದು ಅದರ ಪಕ್ಕದಲ್ಲಿ ನಿಂತವನಿಗೆ. ಅವನ ಮಾತಿಗೆ ಕಾಯಿದೆಯ ಬಲ ಬರಲು 1984ರ ಭೋಪಾಲ ದುರಂತವೇ ನಡೆಯಬೇಕಾಯಿತು! 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ 41-ಎಚ್ ಕಲಮು ಸೇರಿತು. ಅಪಾಯಕಾರಿ ಪ್ರಕ್ರಿಯೆಗಳ ಕಾರ್ಖಾನೆಗಳಿಗಷ್ಟೇ ಇದ್ದ ಆ ಹಕ್ಕನ್ನು 2020ರ ಸಂಹಿತೆ ಇತರ ದುಡಿಮೆಯ ಸ್ಥಳಗಳಿಗೂ ವಿಸ್ತರಿಸಿತು. ಪ್ರಾಣಾಪಾಯ ಸನ್ನಿಹಿತವೆಂದು ಸಕಾರಣವಾಗಿ ತೋರಿದರೆ ಮಾಲೀಕನಿಗೂ ಇನ್‌ಸ್ಪೆಕ್ಟರಿಗೂ ಏಕಕಾಲದಲ್ಲಿ ತಿಳಿಸಬಹುದು. ಈ ‘ಏಕಕಾಲ’ವೇ ಕಲಮಿನ ಜೀವಾಳ. ಮಾಲೀಕನು ಒಪ್ಪಿದರೆ ಕೂಡಲೇ ಸರಿಪಡಿಸಿ ವರದಿ ಕಳುಹಿಸಬೇಕು. ಒಪ್ಪದಿದ್ದರೆ ಇನ್‌ಸ್ಪೆಕ್ಟರ ತೀರ್ಮಾನಕ್ಕೆ ಬಿಡಬೇಕು. ಆ ತೀರ್ಮಾನ ಬರುವ ತನಕ ಕೆಲಸ ನಿಲ್ಲಿಸಿ ದೂರ ಸರಿಯಬಹುದೆಂದು ಮಾತ್ರ ಕಲಮು ಬಾಯಿಬಿಟ್ಟು ಹೇಳಿಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ಕೊರತೆ. ಆದ್ದರಿಂದ ತಿಳಿಸುವುದನ್ನು ಬರೆದೇ ತಿಳಿಸಿ; ದಿನಾಂಕ, ವೇಳೆ ನಮೂದಿಸಿ ಪ್ರತಿಯೊಂದನ್ನು ಇಟ್ಟುಕೊಳ್ಳಿ.