ಕರೆಂಟು ಹೋದ ಮೇಲಿನ ನಾಲ್ಕು ತಾಸು



ನನ್ನ ಕೆಲಸದ ಬಗ್ಗೆ ಮಾತಾಡಲು ಗುರುಗಳು ಹೇಳಿದ್ದರು. ಅದಕ್ಕಿಂತ ಲ್ಯಾಪ್‌ಟಾಪ್ ಬ್ಯಾಟರಿಯ ಮಾತು ಇಲ್ಲಿ ಹೆಚ್ಚು ಉಪಯೋಗಕ್ಕೆ ಬಂದೀತು. ಕಳಸಾಪುರದಿಂದ ಗದಗಿನ ಕಾಲೇಜಿಗೆ ಹೋಗುವ ಮಕ್ಕಳ ಕೈಯಲ್ಲಿ ಈಗ ಲ್ಯಾಪ್‌ಟಾಪ್ ಕಾಣುತ್ತದೆ. ಸರ್ಕಾರ ಕೊಟ್ಟದ್ದೋ, ಸೆಕೆಂಡ್ ಹ್ಯಾಂಡ್ ಕೊಂಡದ್ದೋ, ಪದವಿ ಮುಗಿಯುವ ತನಕ ಅದೊಂದೇ ಬಾಳಬೇಕು. ನಾಳೆ ಪರೀಕ್ಷೆ ಇದ್ದು ಇವತ್ತು ರಾತ್ರಿ ಗಾಳಿ-ಮಳೆಗೆ ಕರೆಂಟು ಹೋದರೆ ಬ್ಯಾಟರಿಯೇ ಗತಿ.

ಲೆಕ್ಕ ಸರಳ. ಬ್ಯಾಟರಿಯಲ್ಲಿ 40 ವ್ಯಾಟ್-ಅವರ್ ಇದ್ದು, ಯಂತ್ರ 10 ವ್ಯಾಟ್ ಎಳೆದರೆ 4 ತಾಸು. 20 ಎಳೆದರೆ ಎರಡೇ ತಾಸು. ಓದು-ಬರಹದ ಹಗುರ ಕೆಲಸದಲ್ಲಿ ದೊಡ್ಡ ಪಾಲು ನುಂಗುವುದು ಪರದೆ, ಹಾಗಾಗಿ ಮೊದಲು ಅದರ ಬೆಳಕು ತಗ್ಗಿಸಿ. ನೋಟ್ಸ್ ಎಲ್ಲ ಕರೆಂಟು ಇದ್ದಾಗಲೇ ಇಳಿಸಿಕೊಳ್ಳಿ, ಆಮೇಲೆ ವೈಫೈ ಬಂದ್ ಮಾಡಿ ಓದಿ.

ಇದು ಒಂದು ರಾತ್ರಿಯ ಮಾತಾಯಿತು. ಬ್ಯಾಟರಿಯ ಆಯುಷ್ಯದ ಮಾತು ಬೇರೆ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಹಿಂದಿನ ಸಂಶೋಧನೆಗೆ 2019ರಲ್ಲಿ ಮೂವರಿಗೆ ನೊಬೆಲ್ ಬಂತು. ಅವರಲ್ಲಿ ಜಾನ್ ಗುಡ್‌ಇನಫ್ ಅವರಿಗೆ ಆಗ 97 ವರ್ಷ. (ನಿವೃತ್ತ ಗುರುಗಳು ಗಮನಿಸಬೇಕು!) ಈ ಬ್ಯಾಟರಿಗೆ ಆಗದಿರುವುದು ಎರಡು: ಕಾವು, ಮತ್ತು ಸದಾ ತುಂಬಿದ ಹೊಟ್ಟೆ. ಬೇಸಿಗೆಯ ಮಧ್ಯಾಹ್ನ ತಗಡಿನ ಮನೆಯಲ್ಲಿ, ಹಾಸಿಗೆ ಮೇಲಿಟ್ಟು, ದಿನವಿಡೀ ಚಾರ್ಜಿಗೆ ಹಚ್ಚಿಟ್ಟರೆ ಎರಡೂ ಒಟ್ಟಿಗೇ ಆಗುತ್ತವೆ. ಗಾದಿ ಕೆಳಗಿನ ಗಾಳಿಕಿಂಡಿ ಮುಚ್ಚುತ್ತದೆ, ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಒಂದು ಹಲಗೆ ಇಟ್ಟುಕೊಂಡರೆ ಸಾಕು, ದುಡ್ಡು ಕೊಟ್ಟು ಫ್ಯಾನ್ ಸ್ಟ್ಯಾಂಡ್ ಕೊಳ್ಳಬೇಕಿಲ್ಲ. ದಿನದ ಬಳಕೆಗೆ 80ಕ್ಕೆ ಚಾರ್ಜ್ ನಿಲ್ಲಿಸಿ. ಎಷ್ಟೋ ಲ್ಯಾಪ್‌ಟಾಪ್‌ಗಳ ಸೆಟ್ಟಿಂಗ್‌ನಲ್ಲೇ ಆ ಸೌಲಭ್ಯ ಇದೆ. ಆದರೆ ಪರೀಕ್ಷೆ ಹಿಂದಿನ ದಿನ ಮೋಡ ಕವಿದರೆ ಈ ನಿಯಮ ಬದಿಗಿಟ್ಟು 100 ತುಂಬಿಸಿ. ಬ್ಯಾಟರಿ ಇರುವುದು ನಮಗಾಗಿ, ನಾವು ಬ್ಯಾಟರಿಗಾಗಿ ಅಲ್ಲ. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕೆಂಬುದು ಹಳೆಯ ನಿಕಲ್ ಬ್ಯಾಟರಿ ಕಾಲದ ಮಾತು, ಈಗ ಬೇಡ. ರಜೆಯಲ್ಲಿ ಎತ್ತಿಡುವುದಿದ್ದರೆ ಅರ್ಧ ತುಂಬಿಸಿ ತಂಪಾದ ಕಡೆ ಇಡಿ.

ಹಳೆಯ ಲ್ಯಾಪ್‌ಟಾಪ್ ಕೊಳ್ಳುವ ಪಾಲಕರಿಗೆ ಒಂದು ಮಾತು. ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ, ಎರಡೂ ಅದರಲ್ಲಿ ಬರುತ್ತವೆ. 40 ಇದ್ದದ್ದು 20ಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಮುರಿದುಕೊಂಡೇ ದುಡ್ಡು ಎಣಿಸಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚೌಕಾಶಿಯೇ ಬೇಡ, ವಾಪಸ್ ಬನ್ನಿ. ಅದು ಬೆಂಕಿ ಹಿಡಿಯಬಹುದು.