ದಾರ ಹಿಡಿದು ಗಾಲಿ ತಿದ್ದುವ ಬಗೆ



ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರ್ ದಾರಿ. ಅಜ್ಜನ ಕಾಲದ ಅಂಬಾಸಿಡರ್ ಕಾರಿನಲ್ಲಿ ನೀವು ಹೊರಟಿದ್ದೀರಿ ಎಂದುಕೊಳ್ಳಿ. ರಸ್ತೆ ನೆಟ್ಟಗಿದೆ, ಆದರೂ ಕಾರು ಒಮ್ಮೆ ಅತ್ತ, ಒಮ್ಮೆ ಇತ್ತ ವಾಲುತ್ತದೆ. ಎದುರಿಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಬಂದಾಗ ಎದೆ ಝಲ್ಲೆನ್ನುತ್ತದೆ. ಮನೆಗೆ ಬಂದು ಮುಂದಿನ ಟಯರಿನ ಮೇಲೆ ಅಡ್ಡಲಾಗಿ ಅಂಗೈ ಸವರಿದರೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಒರಟು. ಗಾಲಿಗಳು ತಪ್ಪು ದಿಕ್ಕಿಗೆ ಮುಖ ಮಾಡಿವೆ ಎಂಬುದಕ್ಕೆ ಇದು ಗುರುತು.

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. ಅವನ್ನು ಜತನವಾಗಿ ಉಳಿಸಿಕೊಂಡವರು ಮಾತ್ರ ಇಂದಿಗೂ ಇದ್ದಾರೆ. ಈ ಕಾರುಗಳ ಗಾಲಿ ಎತ್ತ ನೋಡುತ್ತಿದೆ ಎಂದು ತಿಳಿಯಲು ಕಂಪ್ಯೂಟರ್ ಯಂತ್ರವೇ ಬೇಕೆಂದಿಲ್ಲ. ಒಂದು ದಾರ, ಒಂದು ಅಳತೆಪಟ್ಟಿ, ಸ್ವಲ್ಪ ತಾಳ್ಮೆ ಸಾಕು.

ದಾರವೆಂದರೆ ಹಗುರವಾಗಿ ತಿಳಿಯಬೇಡಿ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು 8ನೆಯ ಶತಮಾನದಲ್ಲಿ ಚಾಲುಕ್ಯ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಅದನ್ನು ಕಟ್ಟಿದ ಗುಂಡನನ್ನು ಅಲ್ಲಿಯ ಕನ್ನಡ ಶಾಸನ ‘ಸೂತ್ರಧಾರಿ’ ಎಂದು ಕರೆಯುತ್ತದೆ. ಸೂತ್ರವೆಂದರೆ ದಾರ. ಕಣ್ಣು ಮೋಸಹೋಗಬಹುದು, ಬಿಗಿಯಾಗಿ ಎಳೆದ ದಾರ ಮೋಸ ಮಾಡುವುದಿಲ್ಲ.

ಗಾಲಿಯ ನಿಲುವಿನಲ್ಲಿ ಮೂರು ಕೋನಗಳಿವೆ. ಮುಂದಿನಿಂದ ನೋಡಿದಾಗ ಗಾಲಿ ಒಳಕ್ಕೋ ಹೊರಕ್ಕೋ ವಾಲಿದ್ದರೆ ಅದು ಕ್ಯಾಂಬರ್. ಪಕ್ಕದಿಂದ ನೋಡಿದಾಗ ಗಾಲಿ ತಿರುಗುವ ಅಕ್ಷ ಹಿಂದಕ್ಕೆ ಬಾಗಿರುವುದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದನ್ನು ನೆನೆಯಿರಿ. ಮೂರನೆಯದು ಟೋ: ಮೇಲಿನಿಂದ ನೋಡಿದಾಗ ಎರಡು ಗಾಲಿಗಳ ಮುಂಭಾಗ ಹತ್ತಿರವಿದ್ದರೆ ಟೋ-ಇನ್, ದೂರವಿದ್ದರೆ ಟೋ-ಔಟ್. ಮೊದಲ ಎರಡನ್ನು ಗ್ಯಾರೇಜಿಗೆ ಬಿಡೋಣ. ಮನೆಯಲ್ಲಿ ತಿದ್ದಬಹುದಾದದ್ದು ಟೋ.

ಹಿಂಗಾಲಿಗಳು ಕಾರನ್ನು ನೂಕಿದಾಗ ರಸ್ತೆಯ ತಡೆ ಮುಂಗಾಲಿಗಳನ್ನು ಹಿಂದಕ್ಕೆ ಒತ್ತುತ್ತದೆ. ಕೀಲುಗಳ ಸಡಿಲಿನಿಂದ ಅವುಗಳ ಮುಂಭಾಗ ತುಸು ಅಗಲುತ್ತದೆ. ಆದ್ದರಿಂದ ಇಂಥ ಹಳೆಯ ಕಾರುಗಳಲ್ಲಿ ನಿಂತಾಗ ಸ್ವಲ್ಪ ಟೋ-ಇನ್ ಕೊಟ್ಟಿರುತ್ತಾರೆ, ಓಡುವಾಗ ಗಾಲಿಗಳು ನೇರವಾಗಲಿ ಎಂದು. ಎಷ್ಟು ಕೊಡಬೇಕೆಂಬುದು ಕಾರಿನ ಕೈಪಿಡಿಯಲ್ಲಿದೆ, ಊಹಿಸಬೇಡಿ.

ಇನ್ನು ಒಂದು ಲೆಕ್ಕ. ರಿಮ್ಮಿನ ಅಡ್ಡಳತೆ ಸುಮಾರು 40 ಸೆಂಟಿಮೀಟರ್ ಇರಲಿ. ಗಾಲಿ ಇರಬೇಕಾದ ದಿಕ್ಕಿಗಿಂತ 2 ಮಿಲಿಮೀಟರ್ ಓರೆಯಾಗಿದೆ. 400ಕ್ಕೆ 2, ಅಂದರೆ 200ಕ್ಕೆ 1. ಆ ಗಾಲಿ 200 ಮೀಟರ್ ಮುಂದೆ ಉರುಳಿದರೆ 1 ಮೀಟರ್ ಪಕ್ಕಕ್ಕೆ ಹೋಗಬಯಸುತ್ತದೆ. ಇನ್ನೊಂದು ಗಾಲಿ ಎದುರು ದಿಕ್ಕಿಗೆ ಎಳೆಯುವುದರಿಂದ ಕಾರು ನೆಟ್ಟಗೇ ಹೋಗುತ್ತದೆ, ಟಯರು ಮಾತ್ರ ರಸ್ತೆಗೆ ಉಜ್ಜಿಕೊಳ್ಳುತ್ತದೆ. ಬಾದಾಮಿಯಿಂದ ಪಟ್ಟದಕಲ್ಲು ತಲುಪುವಷ್ಟರಲ್ಲಿ ಆ ಉಜ್ಜಾಟ 110 ಮೀಟರ್! ಟಯರು ಬೇಗ ಸವೆಯುವುದರಲ್ಲಿ ಆಶ್ಚರ್ಯವೇನು?

ಈಗ ಕೆಲಸಕ್ಕೆ ಬರೋಣ. ಹಿರಿಯರೊಬ್ಬರು ಜೊತೆಗಿರಲಿ. ಮೊದಲು ಟಯರುಗಳ ಗಾಳಿ ಸರಿಯಿದೆಯೇ, ಗಾಲಿಯ ಬೇರಿಂಗು ಮತ್ತು ಸ್ಟೇರಿಂಗಿನ ಕೀಲುಗಳು ಸಡಿಲವಾಗಿವೆಯೇ ನೋಡಿ. ಕೀಲು ಸವೆದಿದ್ದರೆ ಅದನ್ನು ಬದಲಿಸುವವರೆಗೆ ಅಳತೆಗೆ ಅರ್ಥವಿಲ್ಲ. ಕಾರನ್ನು ಸಮತಟ್ಟು ನೆಲದ ಮೇಲೆ ನಾಲ್ಕಾರು ಮೀಟರ್ ಮುಂದಕ್ಕೆ ಉರುಳಿಸಿ ನಿಲ್ಲಿಸಿ, ಹಿಂಗಾಲಿಗೆ ಕಲ್ಲು ಕೊಡಿ. ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತು ಎಣಿಸಿ, ಅದರ ಅರ್ಧಕ್ಕೆ ತನ್ನಿ.

ಕಾರಿನ ಎರಡೂ ಪಕ್ಕಕ್ಕೆ, ಗಾಲಿಯ ನಡುಮಟ್ಟದ ಎತ್ತರದಲ್ಲಿ, ಮುಂದಿನಿಂದ ಹಿಂದಿನವರೆಗೆ ಒಂದೊಂದು ದಾರ ಬಿಗಿಯಿರಿ. ಎರಡು ದಾರಗಳ ನಡುವಿನ ಅಂತರ ಕಾರಿನ ಮುಂದೆಯೂ ಹಿಂದೆಯೂ ಒಂದೇ ಇರಬೇಕು. ಮುಂದಿನ ಎರಡು ಗಾಲಿಗಳ ನಡುಬಿಂದುವಿನಿಂದ ದಾರಕ್ಕೆ ಎಡ-ಬಲ ಸಮದೂರ. ಹಿಂದಿನ ಎರಡಕ್ಕೂ ಹಾಗೆಯೇ. ಮುಂದಿನ ಜೋಡಿಯ ಅಂತರವೂ ಹಿಂದಿನದೂ ಒಂದೇ ಆಗಬೇಕೆಂದಿಲ್ಲ, ಏಕೆಂದರೆ ಅನೇಕ ಕಾರುಗಳಲ್ಲಿ ಮುಂದಿನ, ಹಿಂದಿನ ಅಗಲ ಬೇರೆ ಬೇರೆ.

ಈಗ ಮುಂಗಾಲಿಯ ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ ಅಳೆಯಿರಿ, ನಂತರ ಹಿಂದಿನ ಅಂಚಿನಿಂದ. ಮುಂದಿನ ಅಳತೆ ಹೆಚ್ಚಿದ್ದರೆ ಟೋ-ಇನ್, ಕಡಿಮೆಯಿದ್ದರೆ ಟೋ-ಔಟ್. ರಿಮ್ಮೇ ಸೊಟ್ಟಗಿರಬಹುದು, ಗಾಲಿ ಅರ್ಧ ಸುತ್ತುವಷ್ಟು ಕಾರನ್ನು ಮುಂದೂಡಿ, ದಾರವನ್ನು ಮತ್ತೆ ಹೊಂದಿಸಿ, ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಿರಿ.

ತಿದ್ದುವುದು ಟೈ ರಾಡಿನಲ್ಲಿ. ಲಾಕ್ ನಟ್ ಸಡಿಲಿಸಿ, ರಾಡಿನ ಉದ್ದವನ್ನು ಎರಡೂ ಕಡೆ ಸಮನಾಗಿ ಹೆಚ್ಚಿಸಿ ಅಥವಾ ತಗ್ಗಿಸಿ. ಒಂದೇ ಕಡೆ ತಿರುಗಿಸಿದರೆ ಸ್ಟೇರಿಂಗ್ ನಡುವಿನಿಂದ ಸರಿಯುತ್ತದೆ. ರಾಡು ಗಾಲಿಯ ನಡುಗೆರೆಗಿಂತ ಹಿಂದೆ ಇದ್ದರೆ ಉದ್ದ ಮಾಡಿದಾಗ ಟೋ-ಇನ್ ಹೆಚ್ಚುತ್ತದೆ, ಮುಂದಿದ್ದರೆ ಕಡಿಮೆಯಾಗುತ್ತದೆ. ಚಿತ್ರ ಬರೆದು ನೋಡಿ, ಕಾರಣ ತಾನೇ ಹೊಳೆಯುತ್ತದೆ. ಕಾಲು ಸುತ್ತು ತಿರುಗಿಸಿ, ಕಾರನ್ನು ಉರುಳಿಸಿ, ದಾರ ಹೊಂದಿಸಿ ಮತ್ತೆ ಅಳೆಯಿರಿ.

ಎರಡು ಎಚ್ಚರಿಕೆ. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದೂ ನುಸುಳಬೇಡಿ, ಗಟ್ಟಿ ಸ್ಟ್ಯಾಂಡ್ ಇರಲೇಬೇಕು. ಲಾಕ್ ನಟ್ ಬಿಗಿಯದೆ ಕಾರು ರಸ್ತೆಗಿಳಿಯಬಾರದು, ಆ ಒಂದು ನಟ್ಟಿನ ಮೇಲೆ ಒಳಗೆ ಕೂತವರ ಪ್ರಾಣವಿದೆ. ಕೆಲಸ ಮುಗಿದ ಮೇಲೆ ಅನುಭವಿ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ, ಬಳಿಕ ಖಾಲಿ ರಸ್ತೆಯಲ್ಲಿ ಹಿರಿಯರು ನಿಧಾನವಾಗಿ ಓಡಿಸಿ ನೋಡಲಿ.

ಮನೆಯಲ್ಲಿ ಕಾರಿಲ್ಲವೇ? ಸೈಕಲ್ ಇದ್ದರೆ ಸಾಕು. ಹಿಂದಿನ ರಿಮ್ಮಿಗೂ ಅದರ ಎರಡು ಪಕ್ಕದ ಚೌಕಟ್ಟಿನ ಕೊಳವೆಗಳಿಗೂ ಇರುವ ಅಂತರ ಅಳೆಯಿರಿ. ಎರಡೂ ಸಮವಿಲ್ಲದಿದ್ದರೆ ನಟ್ ಸಡಿಲಿಸಿ, ಸರಿಪಡಿಸಿ, ಬಿಗಿಯಿರಿ. ತುಳಿಯುವಾಗ ವ್ಯತ್ಯಾಸ ನಿಮ್ಮ ಕಾಲಿಗೇ ತಿಳಿಯುತ್ತದೆ.